ತೇವದಮ್ಮನ ಜಗಳ

ನನ್ನ ಅಕ್ಕನ ಮಗಳಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿದೆ. ಅದು ಈಗ ಬ್ಯಾಂಕಿನವರನ್ನು ಬಿಟ್ಟರೆ ಯಾರಿಗೂ ನೆನಪಿಲ್ಲ. ಅವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯಲ್ಲಿ ಗೇಟು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವಳು ತೇವದಮ್ಮ. ಈ ಹೆಸರಿಟ್ಟವರು ದೂರದ ಊರಿನ ವಿಶ್ವವಿದ್ಯಾಲಯದ ಒಬ್ಬ ಮೇಷ್ಟ್ರು. ಇವಳು ಅವರಿಗೆ ಟಕಟಕ ಮೇಷ್ಟ್ರು ಎಂದು ಹೆಸರಿಟ್ಟು ಬಾಕಿ ತೀರಿಸಿದಳು. ಮೊನ್ನೆ ಮೊನ್ನೆಯವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಅವರ ಜಗಳ ಎಷ್ಟು ದೊಡ್ಡದೆಂದರೆ, ಅದನ್ನು ಅಚ್ಚಿಗೆ ಹಾಕಿ ಇಟ್ಟಿಗೆ ಸುಟ್ಟಿದ್ದರೆ ಎರಡು ಊರುಗಳ ನಡುವೆ ಸೇತುವೆ ಕಟ್ಟಿ, ಮಿಕ್ಕ ಇಟ್ಟಿಗೆಯಲ್ಲಿ ಎರಡೂ ಕಡೆ ಬಸ್ ನಿಲ್ದಾಣ ಕಟ್ಟಬಹುದಿತ್ತು.

ಜಗಳ ಬಸವನಹುಳುವಿನದು.

ಬಿಸಿಲು ಬಲಿತು ನೆಲ ಒಣಗಿದಾಗ ಬಸವನಹುಳು ಚಿಪ್ಪಿನೊಳಗೆ ಸೇರಿ, ಬಾಗಿಲಿಗೆ ತೆಳ್ಳನೆಯ ಪೊರೆಯೊಂದನ್ನು ಎಳೆದುಕೊಂಡು ಮಲಗಿಬಿಡುತ್ತದೆ. ತಿಂಗಳುಗಟ್ಟಲೆ ನಿದ್ದೆ. ನಿವೃತ್ತಿಯಾದ ಮೇಲೆ ನಾನು ಮಾಡುವ ಮಧ್ಯಾಹ್ನದ ನಿದ್ದೆಯನ್ನು ಮನೆಯಲ್ಲಿ ಆಡಿಕೊಳ್ಳುತ್ತಾರಲ್ಲ, ಇದರ ಮುಂದೆ ಅದು ಬರೀ ಕಣ್ಣು ಮಿಟುಕಿಸಿದ ಹಾಗೆ. ಮೊದಲ ಮಳೆ ಬಿದ್ದ ಕೂಡಲೇ ಅದು ಪೊರೆ ಕಿತ್ತು ಹೊರಗೆ ಬರುತ್ತದೆ. ಬಾಗಿಲು ಮುಚ್ಚಿಕೊಂಡು ಮಲಗಿದ್ದ ಪ್ರಾಣಿಗೆ ಮಳೆ ಬಂತೆಂದು ಹೇಳಿದವರು ಯಾರು? ಗಾಳಿಯಲ್ಲಿ ತೇವ ಏರಿದ್ದು ಅದಕ್ಕೆ ಪೊರೆಯ ಮೂಲಕ ತಿಳಿಯುತ್ತದೆ ಎನ್ನುವುದು ನಮ್ಮ ಹುಡುಗಿಯ ವಾದ. ಅಲ್ಲ, ಹನಿ ನೆಲಕ್ಕೆ ಟಕಟಕ ಬಡಿಯುವ ಕಂಪನ ತಿಳಿಯುತ್ತದೆ ಎನ್ನುವುದು ಮೇಷ್ಟ್ರ ವಾದ. ಇಷ್ಟೇ. ಈ ಇಷ್ಟಕ್ಕೇ ಇಬ್ಬರೂ ಜೀವಮಾನ ತೇಯುತ್ತಿದ್ದರು.

ಶುರುವಾದದ್ದು ಅವಳ ಮೊದಲ ಪ್ರಬಂಧದಿಂದ. ಅದು ಅಚ್ಚಾದಾಗ ಮನೆಮಂದಿಯೆಲ್ಲ ಹಿಗ್ಗಿದೆವು, ಓದಲಿಲ್ಲ. ನಾವಷ್ಟೇ ಅಲ್ಲ, ಯಾರೂ ಓದಲಿಲ್ಲ. ವಿಜ್ಞಾನದ ಪ್ರಬಂಧ ಬರೆಯುವುದೆಂದರೆ ಬಾವಿಗೆ ಕಲ್ಲು ಹಾಕಿ ಸದ್ದು ಕೇಳಲು ಕಿವಿಗೊಟ್ಟು ನಿಲ್ಲುವ ಕೆಲಸ. ಕೆಲವರ ಬಾವಿಗೆ ತಳವೇ ಇರುವುದಿಲ್ಲ. ಇವಳೂ ಬಹಳ ಕಾಲ ಬಗ್ಗಿ ನಿಂತಿದ್ದಳು. ಒಂದು ಸಂಜೆ ನಮ್ಮ ಮನೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿಕೊಂಡು ಬಂದಳು.

“ಮಾವ, ನನ್ನ ಪ್ರಬಂಧವನ್ನ ಒಬ್ಬರು ತಮ್ಮ ಪ್ರಬಂಧದಲ್ಲಿ ಉಲ್ಲೇಖ ಮಾಡಿದ್ದಾರೆ!”

“ಭೇಷ್! ಏನಂತ ಬರೆದಿದ್ದಾರೆ?”

“ಪೂರ್ತಿ ತಪ್ಪು ಅಂತ!” ಎಂದು ಕುಣಿದಾಡಿದಳು. “ಅಡಿಟಿಪ್ಪಣಿಯಲ್ಲಿದ್ದ ತಪ್ಪನ್ನೂ ಹಿಡಿದಿದ್ದಾರೆ ಮಾವ. ಕೊನೇವರೆಗೂ ಓದಿದ್ದಾರೆ!”

ಆಗ ಜಗಳವೂ ಬಸವನಹುಳುವಿನ ವೇಗದಲ್ಲೇ ಸಾಗುತ್ತಿತ್ತು. ಇವಳು ಪತ್ರಿಕೆಯೊಂದರಲ್ಲಿ ಒಂದು ಮಾತು ಅಂದರೆ, ಅದು ಅಚ್ಚಾಗಿ, ಅವರಿಗೆ ತಲುಪಿ, ಅವರು ಪ್ರಯೋಗ ಮಾಡಿ, ಉತ್ತರ ಬರೆದು, ಅದು ಅಚ್ಚಾಗುವಷ್ಟರಲ್ಲಿ ಇವಳಿಗೆ ಮದುವೆಯಾಗಿತ್ತು. ಇವಳು ಅದಕ್ಕೆ ಎದುರುತ್ತರ ಅಚ್ಚು ಹಾಕಿಸುವಷ್ಟರಲ್ಲಿ ಇವಳ ಗಂಡನ ತಲೆ ಬೋಳಾಗಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನೊಳಗೆ ಜಾಲತಾಣ ಬಂತು, ವಿಜ್ಞಾನಿಗಳೂ ಒಬ್ಬೊಬ್ಬರಾಗಿ ಅದರೊಳಗೆ ಬಂದು ಕುಳಿತರು. ಮೊದಮೊದಲು ಮದುವೆಮನೆಗೆ ಬಂದ ಅಪರಿಚಿತರ ಹಾಗೆ ಗೋಡೆಗೆ ಒರಗಿ ನಿಂತಿದ್ದರು. “ನಮ್ಮ ಹೊಸ ಪ್ರಬಂಧ ಪ್ರಕಟವಾಗಿದೆಯೆಂದು ತಿಳಿಸಲು ಹರ್ಷಿಸುತ್ತೇನೆ” ಎಂದು ಒಬ್ಬರು ಬರೆದರೆ, ಓದದ ಉಳಿದವರು ಚಪ್ಪಾಳೆಯ ಚಿತ್ರ ಒತ್ತುತ್ತಿದ್ದರು. ಸಮ್ಮೇಳನಕ್ಕೆ ಹೋದವರು ಭಿತ್ತಿಪತ್ರದ ಪಕ್ಕದಲ್ಲಿ ನಿಂತು, ಅದನ್ನು ತಾವೇ ಹೆತ್ತಂತೆ ನಗುತ್ತ ಫೋಟೋ ಹಾಕುತ್ತಿದ್ದರು. ಅಂಥ ಮರ್ಯಾದಸ್ಥರ ನಡುವೆ ಟಕಟಕ ಮೇಷ್ಟ್ರು ಒಂದು ಬೆಳಗ್ಗೆ ಹೀಗೆ ಬರೆದರು: “ತೇವದಮ್ಮನವರು ಇನ್ನೂ ತೇವದ ವಿಚಾರ ಬಿಟ್ಟಿಲ್ಲವಂತೆ. ಅವರಿಗೆ ಯಾರಾದರೂ ಒಂದು ಟವೆಲ್ ಕೊಡಿ.”

ಇವಳು ಕಾಫಿ ಅಲ್ಲೇ ಬಿಟ್ಟು ಉತ್ತರ ಕುಟ್ಟಿದಳು: “ಟಕಟಕ ಮೇಷ್ಟ್ರೇ, ಬಾಗಿಲು ಬಡಿದವರೆಲ್ಲ ಮಳೆ ಅಲ್ಲ. ನಿಮ್ಮ ಹುಳುಗಳು ಎದ್ದದ್ದು ನಿಮ್ಮ ಗೊರಕೆಗೆ ಇರಬೇಕು, ಪರೀಕ್ಷಿಸಿ.”

ಜಾಲತಾಣದಲ್ಲಿದ್ದ ಜನ ನಿದ್ದೆಯಿಂದೆದ್ದ ಬಸವನಹುಳುಗಳ ಹಾಗೆ ಕೊಂಬು ಚಾಚಿದರು. ಅವತ್ತಿನಿಂದ ದಿನವೂ ಇವರದ್ದು ಇದೇ ಕಥೆ. ನಕ್ಷೆ, ವಿಡಿಯೋ, ಅಂಕಿಅಂಶ, ನಡುವೆ ಒಂದೊಂದು ಕುಟುಕು. ಬಸವನಹುಳುವಿಗೆ ಎಷ್ಟು ಕಾಲೆಂದು ತಿಳಿಯದವರೂ ಇವರ ಜಗಳ ಓದಲು ಕಾಯುತ್ತಿದ್ದರು. ಎಲ್ಲರಿಗಿಂತ ಮುಂದೆ ಕಾಯುತ್ತಿದ್ದವರು ಇವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ. ಮುಂಚೆ ಆಕೆ ಮಧ್ಯಾಹ್ನ ಧಾರಾವಾಹಿ ನೋಡುತ್ತಿದ್ದರು. ಈ ಜಗಳ ಸಿಕ್ಕಮೇಲೆ ಟಿವಿಗೆ ಬಟ್ಟೆ ಹೊದಿಸಿಬಿಟ್ಟರು.

“ಏನೇ ಹುಡುಗಿ, ಇವತ್ತು ಆ ಟಕಟಕ ಏನಂದ?” ಎಂದು ಅಡಿಗೆಮನೆಯಿಂದಲೇ ಕೂಗುವರು.

“ನಂದು ಪ್ರಯೋಗ ಅಲ್ಲ, ಕವಿತೆ ಅಂದ್ರು ಅತ್ತೆ.”

“ಹಾಗಂದ್ನಾ! ನೀನು ಸುಮ್ನಿದ್ಯಾ? ಕೊಡಿಲ್ಲಿ ಫೋನು, ನಾನು ಒಂದು ಬರೀತೀನಿ.”

ಬರೆದೇಬಿಡುತ್ತಿದ್ದರು. “ನಮ್ಮ ಸೊಸೆ ಬಗ್ಗೆ ಮಾತಾಡುವ ಮುಂಚೆ ಬಾಯಿ ತೊಳೆದುಕೊಂಡು ಬಾ” ಎಂಬ ಆಕೆಯ ಅಭಿಪ್ರಾಯ ಇವತ್ತಿಗೂ ಒಂದು ಗಂಭೀರ ಪ್ರಬಂಧದ ಕೆಳಗೆ ಜಾಲತಾಣದಲ್ಲಿ ನೆಲೆಸಿದೆ.

ಇನ್ನು ಅವಳ ರೂಮಿನ ವಿಷಯ. ಸಂಸ್ಥೆಯ ನೆಲಮಾಳಿಗೆಯ ತುದಿಯಲ್ಲಿ, ಮೊದಲು ಹಳೇ ಭೂಪಟಗಳನ್ನು ಸುರುಳಿ ಸುತ್ತಿ ಇಡುತ್ತಿದ್ದ ಕೋಣೆ. ಗೋಡೆ ಆನೆ ಮಲಗುವಷ್ಟು ದಪ್ಪ. ಲಿಫ್ಟು ದೂರ, ರಸ್ತೆ ದೂರ, ನೀರಿನ ಪಂಪು ಕಟ್ಟಡದ ಇನ್ನೊಂದು ತುದಿಯಲ್ಲಿ. ಒಳಗೆ ಕಲ್ಲಿನ ಮೇಜುಗಳು, ಮೇಜಿನ ಮೇಲೆ ದಪ್ಪ ರಬ್ಬರು, ರಬ್ಬರಿನ ಮೇಲೆ ಜಾಲರಿ ಮುಚ್ಚಳದ ಗಾಜಿನ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಒಣಮರಳಿನ ಮೇಲೆ ಮಲಗಿದ ಹುಳುಗಳು. ಟಕಟಕ ಇಲ್ಲದೆ ಬರೀ ತೇವಕ್ಕೇ ಅವು ಏಳುತ್ತವೆಂದು ತೋರಿಸಬೇಕಾದರೆ ಒಂದಿಷ್ಟೂ ಅಲುಗಾಟವಿಲ್ಲದ ಜಾಗ ಬೇಕು. ಇಡೀ ಕಟ್ಟಡದಲ್ಲಿ ಅಂಥ ಜಾಗ ಅದೊಂದೇ. ನಾನು ಒಮ್ಮೆ ಅಲ್ಲಿಗೆ ಹೋಗಿದ್ದೆ. ಉಣ್ಣೆಯ ಕಾಲುಚೀಲ ಹಾಕಿಸಿ ಒಳಗೆ ಬಿಟ್ಟಳು. ಮೌನ ಎಷ್ಟಿತ್ತೆಂದರೆ ನನ್ನ ಮೀಸೆ ಬೆಳೆಯುವ ಸದ್ದು ನನಗೇ ಕೇಳಿಸಿತು. ಕೆಮ್ಮು ಬಂತು. ಅದನ್ನು ನುಂಗಿಕೊಂಡು, ಮೆಟ್ಟಿಲು ಹತ್ತಿ, ಅಂಗಳ ದಾಟಿ, ಗೇಟಿನಾಚೆ ಹೋಗಿ ಕೆಮ್ಮಿದೆ. ಅಷ್ಟು ಹೊತ್ತು ಕಾದ ಕೆಮ್ಮು ಎಂಥದ್ದಿರಬಹುದು ಹೇಳಿ, ಎದುರಿನ ಮರದ ಕಾಗೆಗಳು ವಲಸೆ ಹೋದವು.

ಹೀಗಿರುವಾಗ ಸಂಸ್ಥೆಗೆ ತಕ್ಕಡಿ ಸಾಹೇಬರು ಬಂದರು. ಯಾವ ವಿಜ್ಞಾನಿಯ ಪ್ರಭಾವ ಎಷ್ಟೆಂದು ಅಳೆಯುವುದು ಅವರ ಕೆಲಸ, ಅದಕ್ಕೇ ಆ ಹೆಸರು. ಕೆಟ್ಟ ಮನುಷ್ಯರಲ್ಲ. ಆದರೆ ಯಾವುದನ್ನು ನೋಡಿದರೂ ಅವರ ಕಣ್ಣಿಗೆ ಅಂಕಿಯೇ ಕಾಣುವುದು. ಅವರು ಕಾಫಿ ಯಂತ್ರದ ಪಕ್ಕದ ಗೋಡೆಗೆ ಒಂದು ದೊಡ್ಡ ಪರದೆ ಹಾಕಿಸಿದರು. ವಿಮಾನ ನಿಲ್ದಾಣದಲ್ಲಿ ವಿಮಾನಗಳ ಹೊತ್ತು ತೋರಿಸುತ್ತಾರಲ್ಲ, ಹಾಗೆ ಅದರಲ್ಲಿ ಎಲ್ಲ ವಿಜ್ಞಾನಿಗಳ ಹೆಸರು, ಮುಂದೆ ಪ್ರಭಾವದ ಅಂಕಿ. ಏರಿದರೆ ಹಸಿರು, ಇಳಿದರೆ ಕೆಂಪು. ಎಷ್ಟು ಜನ ಪ್ರಬಂಧವನ್ನು ಉಲ್ಲೇಖಿಸಿದರು, ಎಷ್ಟು ಜನ ಜಾಲತಾಣದಲ್ಲಿ ಹಂಚಿದರು, ಎಷ್ಟು ಜನ ಅದರ ಬಗ್ಗೆ ಬಾಯಿ ತೆಗೆದರು, ಎಲ್ಲವನ್ನೂ ಯಂತ್ರವೇ ಹೆಕ್ಕಿ ಕೂಡುತ್ತಿತ್ತು. ಕಾಫಿಗೆ ಬಂದವರು ಸಕ್ಕರೆ ಹಾಕಿಕೊಳ್ಳುವುದನ್ನು ಮರೆತು ಅದನ್ನೇ ನೋಡುತ್ತಿದ್ದರು. ಒಟ್ಟಿನಲ್ಲಿ ಸಂಸ್ಥೆಯ ಸಕ್ಕರೆ ಖರ್ಚು ಇಳಿಯಿತು. ಆ ಅಳತೆಯಿಂದ ಕೈಗೆ ಸಿಕ್ಕ ಲಾಭ ಅದೊಂದೇ ಎಂದು ಕೆಲವರು ಹೇಳುವುದುಂಟು.

ಮೊದಲ ದಿನವೇ ನಮ್ಮ ಹುಡುಗಿಯ ಹೆಸರು ಮೇಲಿನ ಸಾಲುಗಳಲ್ಲಿ ಹಸಿರಾಗಿ ಹೊಳೆಯುತ್ತಿತ್ತು. ಅವಳಿಗೇ ನಂಬಿಕೆ ಬರಲಿಲ್ಲ.

“ಸಾರ್, ಇದರಲ್ಲಿ ಬಹುಪಾಲು ಆ ಟಕಟಕ ಮೇಷ್ಟ್ರು ನನ್ನ ಬೈದಿದ್ದು. ಮಿಕ್ಕಿದ್ದು ಆ ಬೈಗುಳ ನೋಡಿ ಜನ ನಕ್ಕಿದ್ದು. ಹೊಗಳೋದು ಬೈಯೋದು ಎರಡೂ ಒಂದೇನಾ?”

“ಯಂತ್ರಕ್ಕೆ ಮುಖ ಕಾಣಲ್ಲಮ್ಮ,” ಎಂದರು ತಕ್ಕಡಿ ಸಾಹೇಬರು. “ಬಾಯಿ ತೆಗೆದ್ರಾ ಇಲ್ವಾ, ಅಷ್ಟೇ ಅದಕ್ಕೆ ಗೊತ್ತಾಗೋದು. ಅಂದ ಹಾಗೆ ಸಾರ್ವಜನಿಕರ ಆಸಕ್ತಿ ಅನ್ನೋ ವಿಭಾಗದಲ್ಲಿ ನಿಮಗೆ ಒಬ್ಬರು ಭಾರೀ ಅಭಿಮಾನಿ ಇದ್ದಾರೆ. ದಿನಕ್ಕೆ ಎಷ್ಟೋ ಸಲ ಬರೀತಾರೆ. ಯಾರವರು?”

“ನಮ್ಮತ್ತೆ ಸಾರ್.”

“ನಿಲ್ಲಿಸೋಕೆ ಹೇಳ್ಬೇಡಿ,” ಎಂದು ಸಾಹೇಬರು ಗುಟ್ಟಾಗಿ ಹೇಳಿದರು.

ಆ ಪರದೆ ಬರೀ ನೋಡಿ ಖುಷಿಪಡಲು ಇದ್ದದ್ದಲ್ಲ. ವರ್ಷದ ಕೊನೆಯ ಸಭೆಯಲ್ಲಿ ನಿರ್ದೇಶಕರು ಅದನ್ನು ನೋಡಿ ಕೋಣೆಗಳನ್ನು ಹಂಚುವರೆಂದು ಸುತ್ತೋಲೆ ಬಂತು. ಪರದೆಯ ಕೆಳ ಅರ್ಧದಲ್ಲಿದ್ದವರು ವಿಶೇಷ ಕೋಣೆಗಳನ್ನು ಮೇಲಿನವರಿಗೆ ಬಿಟ್ಟುಕೊಡಬೇಕು. ಭೂಪಟದ ಕೋಣೆಯ ಮೇಲೆ ಆಗಲೇ ಒಬ್ಬರ ಕಣ್ಣಿತ್ತು. ಬೆಂಕಿಕಡ್ಡಿ ಹೊತ್ತಿಕೊಳ್ಳುವುದನ್ನು ಭಾರೀ ಕ್ಯಾಮೆರಾದಲ್ಲಿ ಹಿಡಿದು, ಒಂದು ಕಿಡಿ ಹಾರುವುದನ್ನು ನೀವು ಊಟ ಮುಗಿಸಿ ಬರುವವರೆಗೂ ತೋರಿಸುವ ವಿಜ್ಞಾನಿಯೊಬ್ಬರು ಅಲ್ಲಿದ್ದರು. ಸ್ಲೋಮೋಷನ್ ಸಾಹೇಬರೆಂದೇ ಹೆಸರು. ಅವರ ವಿಡಿಯೋಗಳನ್ನು ಲೋಕವೇ ನೋಡುತ್ತಿತ್ತು, ಪರದೆಯ ತುತ್ತತುದಿಯಲ್ಲಿ ಅವರೇ. ಕತ್ತಲೆ, ಅಲುಗಾಟವಿಲ್ಲದ ನೆಲ, ಅವರಿಗೂ ಬೇಕಾದದ್ದು ಅದೇ. ಕೋಣೆ ಹೋದರೆ ಇವಳ ಪ್ರಯೋಗವೂ ಹೋದ ಹಾಗೆ. ಲಿಫ್ಟಿನ ಪಕ್ಕ ಹುಳು ಮಲಗಿಸುವುದೆಂದರೆ ಜಾತ್ರೆಯಲ್ಲಿ ಕೂಸು ಮಲಗಿಸಿದಂತೆ.

ಆದರೂ ನಮಗ್ಯಾರಿಗೂ ಭಯವಿರಲಿಲ್ಲ. ಜಗಳ ಇರುವವರೆಗೆ ಅಂಕಿ ಇರುತ್ತದೆ, ಅಂಕಿ ಇರುವವರೆಗೆ ಕೋಣೆ ಇರುತ್ತದೆ, ಟಕಟಕ ಮೇಷ್ಟ್ರು ಇರುವವರೆಗೆ ಜಗಳಕ್ಕೇನು ಬರ? “ಆ ಮನುಷ್ಯನಿಗೆ ಆಯಸ್ಸು ಗಟ್ಟಿಯಾಗಿರಲಿ,” ಎಂದು ಬೀಗಿತ್ತಿ ಹಾರೈಸುತ್ತಿದ್ದರು. ಹಾರೈಸಿ ಮುಗಿಸಿದವರೇ ಫೋನು ತೆಗೆದು ಅದೇ ಮನುಷ್ಯನನ್ನು ಉಗಿಯುತ್ತಿದ್ದರು.

ಸಭೆ ಹತ್ತಿರ ಬಂದಾಗ, ಸ್ಲೋಮೋಷನ್ ಸಾಹೇಬರು ಒಂದು ಬೆಳಗ್ಗೆ ಗಾರೆ ಕೆಲಸದವನೊಬ್ಬನನ್ನು ಕರೆದುಕೊಂಡು ಭೂಪಟದ ಕೋಣೆಗೆ ಬಂದರು.

“ಇನ್ನೂ ತೀರ್ಮಾನ ಆಗಿಲ್ವಲ್ಲ ಸಾರ್,” ಎಂದಳು ಇವಳು, ಪಿಸುದನಿಯಲ್ಲಿ.

“ಸುಮ್ನೆ ಅಳತೆ ಮೇಡಂ,” ಎಂದರು ಅವರೂ ಪಿಸುದನಿಯಲ್ಲಿ. ಬಹಳ ಸಭ್ಯರು. “ಕ್ಯಾಮೆರಾ ತೂಗುಹಾಕೋಕೆ ಗೋಡೆ ತಡೆಯುತ್ತಾ ಅಂತ ನೋಡ್ಕೊಂಡು ಹೊರಟ್ವಿ.”

ಗಾರೆಯವನು ಕೈಯಲ್ಲಿದ್ದ ಚಹದ ಲೋಟವನ್ನು ಎಲ್ಲೋ ಒಂದು ಕಡೆ ಇಟ್ಟು, ಸುತ್ತಿಗೆ ತೆಗೆದು, ಗೋಡೆ ಎಲ್ಲಿ ಟೊಳ್ಳು ಎಲ್ಲಿ ಗಟ್ಟಿ ಎಂದು ಬಡಿದು ನೋಡತೊಡಗಿದ. ಟಕ್. ಟಕ್. ಟಕಟಕ. ಇವಳು ಪೆಟ್ಟಿಗೆಗಳ ಕಡೆ ತಿರುಗಿದಳು. ಗೋಡೆಯ ಪಕ್ಕದ ಪೆಟ್ಟಿಗೆಯಲ್ಲಿ ಒಂದು ಹುಳುವಿನ ಪೊರೆ ಸೀಳಿತು. ಒಂದು ಕೊಂಬು ಹೊರಗೆ ಬಂತು. ಪಕ್ಕದ್ದು. ಅದರ ಪಕ್ಕದ್ದು. ತೇವ ಅಳೆಯುವ ಮುಳ್ಳನ್ನು ನೋಡಿದಳು. ಹಪ್ಪಳದಷ್ಟು ಒಣಗಾಳಿ ಎನ್ನುತ್ತಿತ್ತು ಅದು. ಅವಳು ನಡುಗುವ ಕೈಯಲ್ಲಿ ಫೋನು ಹಿಡಿದು, ಸುತ್ತಿಗೆಯ ಸದ್ದು ನಿಲ್ಲುವವರೆಗೂ ವಿಡಿಯೋ ಮಾಡಿದಳು.

ಅವತ್ತು ಸಂಜೆ ನಾನು ಎಂದಿನಂತೆ ಅವಳ ಮನೆಗೆ ಕಾಫಿಗೆ ಹೋದಾಗ ಮನೆ ಮನೆಯಂತಿರಲಿಲ್ಲ. ಅವಳ ಗಂಡ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಅಂಗಡಿಯಿಂದ ಬಂದವನು ಅಂಗಿ ಬದಲಿಸದೆ ಕುಳಿತು, ಒರೆಸಿದ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಬೀಗಿತ್ತಿ ಫೋನನ್ನು ಮಡಿಲಲ್ಲಿ ಕವುಚಿಟ್ಟುಕೊಂಡಿದ್ದರು.

“ಬನ್ನಿ ಬೀಗರೇ, ನೀವಾದ್ರೂ ಹೇಳಿ ಇವಳಿಗೆ,” ಎಂದರು. “ಆ ಟಕಟಕ ಹೇಳಿದ್ದೇ ಸರಿ ಅಂತ ಒಪ್ಕೋತಾಳಂತೆ!”

“ಹುಳು ಎದ್ದಿದ್ದು ನಾನು ಕಣ್ಣಾರೆ ನೋಡಿದೀನಿ ಮಾವ,” ಎಂದಳು ಇವಳು. “ತೇವ ಇರಲಿಲ್ಲ. ಬಡಿದಿದ್ದಕ್ಕೇ ಎದ್ವು. ಇಷ್ಟು ವರ್ಷ ಅವರು ಹೇಳಿದ್ದು ಅದನ್ನೇ.”

“ಒಪ್ಕೋ, ಬೇಡ ಅನ್ನಲ್ಲ,” ಎಂದ ಗಂಡ. “ಸಭೆ ಆದಮೇಲೆ ಒಪ್ಕೋ. ಈಗ ಒಪ್ಕೊಂಡ್ರೆ ಜಗಳ ಮುಗೀತು. ಜಗಳ ಮುಗಿದ್ರೆ ನಿನ್ನ ಅಂಕಿ ನೆಲ ಕಚ್ಚುತ್ತೆ, ಕೋಣೆ ಹೋಗುತ್ತೆ. ಹುಳು ಇಷ್ಟು ದಿನ ಮಲಗಿತ್ತಲ್ಲ, ನಿಜಾನೂ ಸ್ವಲ್ಪ ದಿನ ಮಲಗಿರಲಿ.”

“ಅಲ್ಲಿವರೆಗೂ ಅವರು ದಿನಾ ಏನಾದ್ರೂ ಬರೀತಾರಲ್ರೀ. ಅದಕ್ಕೆ ಏನಂತ ಉತ್ತರ ಕೊಡ್ಲಿ?”

“ಜ್ವರ ಬಂದಿದೆ ಅಂತ ನಾನು ಬರೀತೀನಿ,” ಎಂದರು ಅತ್ತೆ.

ಅಷ್ಟರಲ್ಲಿ ಅವರ ಮಡಿಲಲ್ಲಿದ್ದ ಫೋನು ಟಿಂಗ್ ಎಂದಿತು. ಬೀಗಿತ್ತಿ ತಡೆಯಲಾರದೆ ತಿರುಗಿಸಿ ಓದಿದರು. “ತೇವದಮ್ಮನವರು ಬೆಳಗಿನಿಂದ ಮೌನ. ನೆಗಡಿಯೋ ಏನೋ. ಅತಿಯಾದ ತೇವದ ಫಲ.”

ಎಂದಿನ ದಿನವಾಗಿದ್ದರೆ ಇದಕ್ಕೆ ಮೂವರೂ ಸೇರಿ ಉತ್ತರ ಹೊಸೆಯುತ್ತಿದ್ದರು. ಅವತ್ತು ಬೀಗಿತ್ತಿ ಫೋನನ್ನು ಮತ್ತೆ ಮಡಿಲಲ್ಲಿ ಕವುಚಿಟ್ಟರು. ಅವಳು ನನ್ನ ಮುಖ ನೋಡಿದಳು. ನನಗೇನು ಗೊತ್ತು ಬಸವನಹುಳುವಿನ ವಿಚಾರ? “ನೋಡಮ್ಮಾ, ಜಗಳ ಆಡೋಕೆ ನಿನಗೆ ನಾಳೆ ಮನಸ್ಸು ಬರುತ್ತಾ?” ಎಂದು ಕೇಳಿದೆ.

“ಸುಳ್ಳು ಜಗಳ ಆಡೋಕೆ ನಂಗೆ ಬರಲ್ಲ ಮಾವ. ಅವರಿಗೆ ಗೊತ್ತಾಗಿಬಿಡುತ್ತೆ. ಅಡಿಟಿಪ್ಪಣಿನೂ ಬಿಡದ ಮನುಷ್ಯ.”

ಅಲ್ಲೇ ಕುಳಿತು ಬರೆದಳು. “ಟಕಟಕ ಮೇಷ್ಟ್ರೇ, ನೀವು ಹೇಳಿದ್ದೇ ಸರಿ. ನನ್ನ ಹುಳುಗಳು ಒಣಗಾಳಿಯಲ್ಲಿ ಸುತ್ತಿಗೆಯ ಸದ್ದಿಗೆ ಎದ್ದವು. ವಿಡಿಯೋ ಇಲ್ಲಿದೆ. ನಾನು ಸೋತೆ.” ವಿಡಿಯೋ ಸೇರಿಸಿ ಗುಂಡಿ ಒತ್ತಿದಳು. ಬೀಗಿತ್ತಿ ಎದ್ದು ಹೋಗಿ ಟಿವಿಯ ಮೇಲಿನ ಬಟ್ಟೆ ತೆಗೆದರು.

ಮರುದಿನ ಪರದೆಯ ಮೇಲೆ ಅವಳ ಹೆಸರು ಹಚ್ಚ ಹಸಿರಾಗಿ ಮೇಲಕ್ಕೆ ಹಾರಿತು. ಎಂಥ ದೊಡ್ಡ ಮನಸ್ಸು, ವಿಜ್ಞಾನಿ ಎಂದರೆ ಹೀಗಿರಬೇಕು ಎಂದು ಊರೂರಿನಿಂದ ಜನ ಬರೆದರು. ಬರೆದವರಲ್ಲಿ ಕೆಲವರು ತಾವು ಯಾವತ್ತೂ ಯಾವ ತಪ್ಪನ್ನೂ ಒಪ್ಪಿಕೊಂಡವರಲ್ಲ, ಅದು ಅವರ ಮನೆಯವರಿಗೆ ಗೊತ್ತು. ಅದರ ಮರುದಿನ ಹೊಗಳುವವರಿಗೆ ಬೇರೆ ಕೆಲಸ ಬಂತು. ಆಮೇಲೆ ಇಳಿಯತೊಡಗಿತು ನೋಡಿ, ಅಂಕಿ ಇಳಿಯುವ ಸದ್ದು ಕಾಫಿ ಯಂತ್ರದ ಸದ್ದಿಗಿಂತ ಜೋರಾಗಿ ಕೇಳಿಸುತ್ತಿತ್ತಂತೆ. ಟಕಟಕ ಮೇಷ್ಟ್ರಿಂದ ಒಂದೇ ಒಂದು ಅಕ್ಷರವಿಲ್ಲ. ಗೆದ್ದ ಮನುಷ್ಯ ಒಂದು ಸಲ ಮೀಸೆಯನ್ನಾದರೂ ತಿರುವಬೇಡವೇ?

“ಏನಮ್ಮಾ ಹೀಗ್ ಮಾಡ್ಕೊಂಡ್ರಿ?” ಎಂದರು ತಕ್ಕಡಿ ಸಾಹೇಬರು, ನಿಜವಾದ ಸಂಕಟದಿಂದ. “ಒಬ್ಬರು ಇನ್ನೊಬ್ಬರ ಮನಸ್ಸು ಬದಲಾಯಿಸಿದ್ರು ಅನ್ನೋದಕ್ಕೆ ನನ್ನ ಯಂತ್ರದಲ್ಲಿ ಖಾನೆನೇ ಇಲ್ಲ. ಯಾಕಂದ್ರೆ ಹಿಂದೆ ಯಾವತ್ತೂ ಆಗಿರಲಿಲ್ಲ.”

ಸಭೆಯ ಹಿಂದಿನ ದಿನಗಳಲ್ಲಿ ಅವಳ ಹೆಸರು ಪರದೆಯ ಕೆಳ ಅರ್ಧಕ್ಕೆ ಇಳಿದಿತ್ತು. ಸ್ಲೋಮೋಷನ್ ಸಾಹೇಬರು ಸಾಮಾನು ಸಾಗಿಸಲೆಂದು ಒಳ್ಳೆಯ ರಟ್ಟಿನ ಡಬ್ಬಗಳನ್ನು ಕಳಿಸಿಕೊಟ್ಟರು. ಸಭ್ಯರು ಅಂದೆನಲ್ಲ. ನಾನೂ ಸಹಾಯಕ್ಕೆಂದು ಹೋಗಿ ಗಾಜಿಗೆ ಹತ್ತಿ ಸುತ್ತುತ್ತಿದ್ದೆ. ಎದ್ದ ಹುಳುಗಳು ಪೆಟ್ಟಿಗೆಯ ಗೋಡೆಯ ಮೇಲೆ ಆರಾಮಾಗಿ ಹರಿದಾಡುತ್ತಿದ್ದವು. ಊರಿನ ಜಗಳದ ಸುದ್ದಿ ಅವಕ್ಕೆ ತಲುಪಿದ ಹಾಗಿರಲಿಲ್ಲ. ಆಗ ಅವಳ ಫೋನು ಅದುರಿತು. ಗೊತ್ತಿಲ್ಲದ ನಂಬರು.

“ಹಲೋ,” ಎಂದಿತು ತಗ್ಗಿದ, ಸ್ವಲ್ಪ ಗೊಗ್ಗರು ದನಿ. “ಮೇಡಂ, ನಾನು... ಟಕಟಕ.”

ಅವಳು ಕಲ್ಲುಮೇಜಿಗೆ ಒರಗಿ ನಿಂತಳು. ಆ ಕೋಣೆಯ ಮೌನದಲ್ಲಿ ಫೋನಿನ ಮಾತು ನನಗೂ ಎದುರಿಗೆ ಕುಳಿತು ಆಡಿದ ಹಾಗೆ ಕೇಳುತ್ತಿತ್ತು.

“ಹೇಳಿ ಸಾರ್. ಅಭಿನಂದನೆ. ಯಾಕೆ ಏನೂ ಬರೀಲಿಲ್ಲ?”

“ನಿಮ್ಮ ವಿಡಿಯೋ ನೋಡ್ತಾ ಇದ್ದೆ ಮೇಡಂ. ಅವತ್ತಿಂದ ಅದನ್ನೇ ನೋಡ್ತಾ ಇದೀನಿ. ನಮ್ಮನೇಲಿ ಊಟಕ್ಕೆ ಕರೆಯೋದನ್ನೂ ಬಿಟ್ಟಿದ್ದಾರೆ. ಒಂದು ಮಾತು ಕೇಳ್ತೀನಿ. ಮೊದಲು ಎದ್ದ ಹುಳ ಎಡಗಡೆ ಮೂಲೆದು ತಾನೆ?”

“ಹೌದು.”

“ಅದರ ಮೇಲೆ ಮುಚ್ಚಳದ ಹತ್ರ, ನಿಮ್ಮ ಕೈ ಅಲುಗಿದಾಗ ಒಂದು ಕ್ಷಣ ಏನೋ ಕಾಣುತ್ತೆ. ಹೊಳೆಯೋ ಅಂಥದ್ದು. ಅದರಿಂದ ಹಬೆ ಬರ್ತಿದೆ.”

ಇವಳು ನನ್ನ ಕಡೆ ತಿರುಗಿದಳು. ನಾನು ಪೆಟ್ಟಿಗೆಯ ಕಡೆ ತಿರುಗಿದೆ. ಜಾಲರಿ ಮುಚ್ಚಳದ ಮೂಲೆಯಲ್ಲಿ ಉಂಗುರದಾಕಾರದ ಕಂದು ಕಲೆ, ಚಹದ ಲೋಟದ ಅಡಿಯದು. ಗಾರೆಯವನು ಲೋಟವನ್ನು ಹೋಗುವಾಗ ತೆಗೆದುಕೊಂಡು ಹೋಗಿದ್ದ, ಅದರ ಗುರುತನ್ನು ಬಿಟ್ಟು ಹೋಗಿದ್ದ.

“ಚಹ,” ಎಂದಳು ಇವಳು, ಉಸಿರೇ ಇಲ್ಲದೆ.

“ಬಿಸಿ ಚಹ ಮೇಡಂ! ಹುಳುವಿನ ನೆತ್ತಿಯ ಮೇಲೆ! ನಿಮ್ಮ ತೇವದ ಮುಳ್ಳು ಎಲ್ಲಿತ್ತು?”

“ಬಲಗಡೆ ತುದೀಲಿ.”

“ಅದಕ್ಕೇ ಅದಕ್ಕೇನೂ ಗೊತ್ತಾಗಿಲ್ಲ. ಹಾಗಾದ್ರೆ ಅವು ಟಕಟಕಕ್ಕೆ ಎದ್ವೋ, ಚಹದ ಹಬೆಗೆ ಎದ್ವೋ? ಹೇಗೆ ಹೇಳ್ತೀರಿ? ಇಷ್ಟು ವರ್ಷ ನಿಮ್ಮ ಹತ್ರ ಜಗಳ ಆಡಿ ನಾನು ಗೆಲ್ಲೋದು ಒಂದು ಲೋಟ ಚಹದಿಂದಾನಾ? ಬೇಡ. ನಿಮ್ಮ ಸೋಲು ನಂಗೆ ಬೇಡ, ವಾಪಸ್ ತಗೊಳ್ಳಿ.”

ಇವಳಿಗೆ ರೇಗಿತು. ಚಿಕ್ಕಂದಿನಿಂದ ಬಲ್ಲೆ, ರೇಗಿದರೆ ಅವಳ ಮೂಗಿನ ತುದಿ ಕೆಂಪಾಗುತ್ತದೆ. “ಏನ್ ಸಾರ್ ಹೀಗಂತೀರಿ? ಬಲಗಡೆ ಹುಳಗಳೂ ಎದ್ದಿವೆ. ಅವಕ್ಕೆ ಹಬೆ ಎಲ್ಲಿಂದ ತಲುಪುತ್ತೆ? ಬಡಿದಿದ್ದಕ್ಕೇ ಎದ್ದಿರೋದು. ನೀವೇ ಸರಿ!”

“ನಾನು ಸರಿ ಅನ್ನೋಕೆ ಸಾಕ್ಷಿ ಸಾಲದು!”

“ಸಾಲುತ್ತೆ!”

“ನೀವು ತುಂಬ ಆತುರದವರು ಮೇಡಂ. ಮೊದಲಿಂದಲೂ ಹೀಗೇ.”

“ನಾನಾ? ಆತುರಾನಾ? ಇದನ್ನ ಎಲ್ಲರ ಮುಂದೆ ಹೇಳಿ ನೋಡೋಣ!”

“ಹೇಳ್ತೀನಿ ಮತ್ತೆ!”

ಹೇಳಿದರು. ನಾನು ಇನ್ನೊಂದು ಪೆಟ್ಟಿಗೆಗೆ ಹತ್ತಿ ಸುತ್ತುವಷ್ಟರಲ್ಲಿ ಜಾಲತಾಣದಲ್ಲಿ ಬಿತ್ತು: “ತೇವದಮ್ಮನವರು ನಾನು ಸರಿ ಎಂದು ಒಪ್ಪಿದ್ದಾರೆ. ಈ ಒಪ್ಪಿಗೆಯನ್ನು ನಾನು ಉಗ್ರವಾಗಿ ಖಂಡಿಸುತ್ತೇನೆ. ಚಿತ್ರದಲ್ಲಿ ಚಹವಿದೆ, ನೋಡಿ.” ಇವಳ ಉತ್ತರ ಅದರ ಬೆನ್ನಿಗೇ ಹೋಯಿತು: “ನಾನು ಸೋತಿದ್ದೇನೆಂದರೆ ಸೋತಿದ್ದೇನೆ. ನನ್ನ ಸೋಲನ್ನು ಕಿತ್ತುಕೊಳ್ಳಲು ಇವರು ಯಾರು?”

ಅದಾದ ಮೇಲೆ ಆದದ್ದನ್ನು ನಾನು ಹೇಳಿದರೆ ಉತ್ಪ್ರೇಕ್ಷೆ ಎನ್ನುತ್ತೀರಿ. ನನಗೆ ಆ ಕೆಟ್ಟ ಹೆಸರು ಮೊದಲೇ ಇದೆ. ಜನ ಎರಡು ಪಂಗಡವಾದರು. ತೇವದಮ್ಮ ಗೆದ್ದಳೆಂದು ಟಕಟಕ ಮೇಷ್ಟ್ರ ಪರದವರೂ, ಮೇಷ್ಟ್ರು ಗೆದ್ದರೆಂದು ತೇವದಮ್ಮನ ಪರದವರೂ ಹೊಡೆದಾಡಿದರು. ನಡುವೆ ಯಾರೋ ಚಹದ ಪಕ್ಷವೆಂದು ಮೂರನೆಯದನ್ನು ಹುಟ್ಟುಹಾಕಿದರು. ಸ್ಲೋಮೋಷನ್ ಸಾಹೇಬರೇ ತಡೆಯಲಾರದೆ ಲೋಟದಿಂದ ಹಬೆ ಏಳುವುದನ್ನು ತಮ್ಮ ಭಾರೀ ಕ್ಯಾಮೆರಾದಲ್ಲಿ ಹಿಡಿದು ಹಾಕಿದರು. ಅದು ಅವರ ಎಲ್ಲ ಬೆಂಕಿಕಡ್ಡಿಗಳನ್ನೂ ಮೀರಿಸಿತು. ಬೀಗಿತ್ತಿ ಟಿವಿಗೆ ಮತ್ತೆ ಬಟ್ಟೆ ಹೊದಿಸಿದರು. ಆದರೆ ಈಗ ಯಾರ ಪರ ಬರೆಯುವುದೆಂಬುದೇ ಆಕೆಗೆ ಗೊಂದಲ.

“ಏನೇ ಹುಡುಗಿ, ಈಗ ಅವನನ್ನ ಬೈಬೇಕಾ, ಹೊಗಳಬೇಕಾ?”

“ನೀವು ಸರಿ ಅಂತ ಬೈಯಿರಿ ಅತ್ತೆ.”

ಸಭೆಯ ದಿನ ನಿರ್ದೇಶಕರು ಕಾಫಿ ಹಿಡಿದು ಪರದೆಯ ಮುಂದೆ ನಿಂತಾಗ, ತೇವದಮ್ಮನ ಹೆಸರು ಮೇಲಿನಿಂದ ಎರಡನೆಯದಾಗಿ ಹೊಳೆಯುತ್ತಿತ್ತು. ಮೊದಲನೆಯವರು ಸ್ಲೋಮೋಷನ್ ಸಾಹೇಬರು, ಚಹದ ಕೃಪೆಯಿಂದ. ಭೂಪಟದ ಕೋಣೆ ಯಾರಿಗೆ ಎಂದು ಕೇಳಿದ್ದಕ್ಕೆ ಸಾಹೇಬರೇ ಎದ್ದು ನಿಂತರು. “ನಂಗೆ ಬೇಡ ಸಾರ್. ಅವರ ಜಗಳ ಅಲ್ಲಿ ಇರಬೇಕು. ನಂಗೆ ಅಡಿಗೆಮನೆ ಪಕ್ಕದ ರೂಮು ಕೊಡಿ. ಹಬೆಗೆ ಅದೇ ಅನುಕೂಲ,” ಎಂದರು. ನಿರ್ದೇಶಕರು ತಲೆದೂಗಿ ಸಕ್ಕರೆ ಹಾಕಿಕೊಂಡರು. ತೇವದಮ್ಮನ ಕೋಣೆ ತೇವದಮ್ಮನಿಗೇ ಉಳಿಯಿತು.

ಈಗ ಉಳಿದಿರುವುದು ನಿಜವಾದ ಪ್ರಶ್ನೆ. ಹುಳು ಏಳುವುದು ತೇವಕ್ಕೋ, ಟಕಟಕಕ್ಕೋ? ಚಹವಿಲ್ಲದೆ ಮತ್ತೆ ನೋಡಲೇಬೇಕು. ಇವಳೊಬ್ಬಳೇ ನೋಡಿದರೆ ಮೇಷ್ಟ್ರು ನಂಬುವುದಿಲ್ಲ, ಮೇಷ್ಟ್ರೊಬ್ಬರೇ ನೋಡಿದರೆ ಇವಳು ನಂಬುವುದಿಲ್ಲ. ಹಾಗಾಗಿ ಮೇಷ್ಟ್ರು ರಜೆ ಹಾಕಿ ರೈಲು ಹತ್ತಿ ಬಂದರು. ಬರುವವರೆಗೂ ಬೀಗಿತ್ತಿ ಅವರನ್ನು ಆರಡಿ ಎತ್ತರದ, ಹುರಿಮೀಸೆಯ ಆಸಾಮಿಯೆಂದು ಕಲ್ಪಿಸಿಕೊಂಡು ಮಾತಿನ ಬಾಣಗಳನ್ನು ಮಸೆದಿಟ್ಟಿದ್ದರು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ, ಕಿವಿಯ ಮೇಲೆ ಮಾತ್ರ ಕೂದಲಿದ್ದ, ಪುಟ್ಟ ಮನುಷ್ಯ.

“ಅಮ್ಮಾ, ನೀವು ಹೇಳಿದ ಹಾಗೆ ಬಾಯಿ ತೊಳ್ಕೊಂಡೇ ಬಂದಿದೀನಿ,” ಎಂದರು.

ಬೀಗಿತ್ತಿ ನಾಚಿ ಒಳಗೆ ಓಡಿಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮಸೆದ ಬಾಣವೊಂದನ್ನೂ ತರದೆ ಕಾಫಿ ತಂದರು.

ನಿನ್ನೆ ನಾನು ಕೋಣೆಗೆ ಹೋಗಿ ನೋಡಿ ಬಂದೆ. ಹುಳುಗಳು ಮತ್ತೆ ಒಂದೊಂದಾಗಿ ಪೊರೆ ಎಳೆದುಕೊಳ್ಳುತ್ತಿವೆ. ಎಲ್ಲವೂ ಮಲಗುವವರೆಗೆ ಒಳಗೆ ಒಂದು ಪಿಸುಮಾತೂ ಆಡುವಂತಿಲ್ಲ. ಇಬ್ಬರೂ ಉಣ್ಣೆಯ ಕಾಲುಚೀಲ ಹಾಕಿಕೊಂಡು ಪೆಟ್ಟಿಗೆಯ ಆಚೆ ಈಚೆ ಎರಡು ಸ್ಟೂಲಿನ ಮೇಲೆ ಕುಳಿತಿದ್ದರು. ಮೇಷ್ಟ್ರು ತಲೆ ತಗ್ಗಿಸಿ ಫೋನಿನ ಮೇಲೆ ಬೆರಳಾಡಿಸಿದರು. ಒಂದು ಕ್ಷಣಕ್ಕೆ ಎದುರಿಗಿದ್ದ ಇವಳ ಫೋನು ಸದ್ದಿಲ್ಲದೆ ಬೆಳಗಿತು. ಓದಿದಳು. ಮೂಗಿನ ತುದಿ ಕೆಂಪಾಯಿತು. ತುಟಿ ಬಿಗಿಹಿಡಿದು, ಅವರತ್ತ ಕಣ್ಣೆತ್ತಿಯೂ ನೋಡದೆ, ಉತ್ತರ ಕುಟ್ಟತೊಡಗಿದಳು.

ನನಗೆ ಕೆಮ್ಮು ಬಂತು. ನುಂಗಿಕೊಂಡು 'ಹೊರಟೆ' ಎಂದು ಕೈಸನ್ನೆ ಮಾಡಿ, ಗೇಟಿನ ಕಡೆ ನಡೆದೆ.